ಮೂಕಿ ಭಾರ

ಜೀಪು ಹಿಮ್ಮುಖವಾಗಿ ಹತ್ತಿತು ಲಾರಿಗೆ.
ಹಿಂದಿನ ಗೇರಿಗೇ ದಮ್ಮು ಜಾಸ್ತಿ ಅಂದರು ಡೇಚಮ್ಮ,
ಅರವತ್ಮೂರು ವರ್ಷ, ಮೊಣಕಾಲುದ್ದ ಗಂಬೂಟು.
ಎರಡು ಹಲಗೆಯ ಮೇಲೆ ಗೆರೆ ಎಳೆದ ಹಾಗೆ ಏರಿಸಿ
ಕೀಲಿ ಕಿತ್ತು ಸೊಂಟಕ್ಕೆ ಸಿಕ್ಕಿಸಿದರು.

ನನಗೆ ಒಳಗೊಳಗೇ ನಗು.
ಬೋಳು ಬಂಡೆ ಕಚ್ಚಿಕೊಂಡು ನೆತ್ತಿ ಮುಟ್ಟುವ ಗಾಡಿ,
ಎದೆಮಟ್ಟ ಕೆಸರಲ್ಲಿ ಎಮ್ಮೆಯ ಹಾಗೆ ಮೀಯುವ ಗಾಡಿ,
ಡಾಂಬರು ಕಂಡರೆ ಇನ್ನೊಬ್ಬರ ಬೆನ್ನೇರಬೇಕು.
ದೀಪವಿಲ್ಲ, ಹಾರನ್ನಿಲ್ಲ, ವಿಮೆ ಸತ್ತು ಆರು ವರ್ಷ,
ಬಾಗಿಲಿದ್ದ ಕಡೆ ಒಂದು ಹಗ್ಗ.

ಅದರ ಹಿಂದೆ ಕೊಂಡಿಗೆ ಬಿದ್ದದ್ದು ಗಾಲಿಮನೆ,
ಕುಶಾಲನಗರದ ಶೆಡ್ಡಿನಲ್ಲಿ ತಗಡು ಬಡಿದು ಕಟ್ಟಿದ್ದು.
ಒಂದು ಮಂಚ, ಒಂದು ಒಲೆ, ಕಿಟಕಿಗೆ ಹೂವಿನ ಪರದೆ.
ರೇಸಿಗೆ ಹೋದ ಊರಲ್ಲೆಲ್ಲ ಲಾಡ್ಜಿನ ಹುಡುಗರು
‘ಯಜಮಾನ್ರು ಆಮೇಲೆ ಬರ್ತಾರಾ ಮೇಡಂ’ ಅನ್ನುತ್ತಾರಂತೆ.
ಸಾಕಾಯಿತು, ಅಂದರು. ಅಷ್ಟೇ.

ಸುಂಟಿಕೊಪ್ಪ ಬಿಟ್ಟಾಗ ಮೂರು ಗಂಟೆ.
ಸಿದ್ದಾಪುರದಲ್ಲಿ ಚಹಾ, ವಿರಾಜಪೇಟೆಯಲ್ಲಿ ಡೀಸೆಲ್ಲು,
ಪೆರುಂಬಾಡಿ ಗೇಟಿನಲ್ಲಿ ಕತ್ತಲು.
ರಿಜಿಸ್ಟರು ಹಿಡಿದವನು ಟಾರ್ಚು ಬಿಟ್ಟ:
ಮೊದಲು ಲಾರಿ, ಲಾರಿಯ ಮೇಲೆ ಜೀಪು,
ಜೀಪಿನ ಮೂಗಿನೆದುರು ಮನೆ, ಮನೆಗೆ ಬೀಗ.
ವಾಹನ ಎಷ್ಟು ಅಂತ ಬರೆಯಲಿ?
ಒಂದು, ಅಂದೆ ನಾನು. ಮೂರು, ಅಂದ ನೌಫಲ್.
ಓಡುವುದೋ, ಓಡಿಸಿಕೊಳ್ಳುವುದೋ ಅಂತ ಡೇಚಮ್ಮ
ಅವನನ್ನೇ ಕೇಳಿದರು. ಅವನು
ಪೆನ್ನಿನ ತುದಿ ಕಚ್ಚಿ, ತುಂಬ ಹೊತ್ತು ಯೋಚಿಸಿ
‘ಸಾಮಾನು’ ಅಂತ ಬರೆದ.

ಆಮೇಲೆ ಇಳಿಜಾರು.
ಮಾಕುಟ್ಟದ ಕಾಡು ಎರಡೂ ಕಡೆಯಿಂದ ಬಾಗಿ ನೋಡುತ್ತಿತ್ತು.
ನಾಲ್ಕನೆಯ ತಿರುವಿನಲ್ಲಿ ಗಾಲಿಮನೆ ಬಾಲ ಆಡಿಸಿತು,
ಎಡಕ್ಕೊಮ್ಮೆ. ಬಲಕ್ಕೆ, ಇನ್ನೂ ದೊಡ್ಡದಾಗಿ.
ಕನ್ನಡಿಯಲ್ಲಿ ಕಿಟಕಿ ಬಂತು, ಹೋಯಿತು, ಬಂತು.
ನನ್ನ ಕಾಲು ತಾನಾಗೇ ಬ್ರೇಕಿನ ಕಡೆ ಓಡಿತು.

ತುಳಿಯಲಿಲ್ಲ.
ಅಪ್ಪ ಎತ್ತಿನಗಾಡಿ ಹೊಡೆದವನು.
ಹಿಂಭಾರವಾದರೆ ಮೂಕಿ ಮೇಲೇಳ್ತದೆ, ಮಗಾ,
ನೊಗ ಎತ್ತಿನ ಕೊರಳನ್ನೇ ಎತ್ತುತ್ತದೆ,
ಆಗ ಹಗ್ಗ ಜಗ್ಗಬೇಡ, ಎತ್ತಿಗೆ ಬೈಯಬೇಡ,
ಮೆಲ್ಲಗೆ ನಿಲ್ಲಿಸು, ಇಳಿ, ಮೂಟೆ ಮುಂದಕ್ಕೆ ತಳ್ಳು.
ಎರಡನೇ ಗೇರಿನಲ್ಲೇ ಬಿಟ್ಟೆ. ಗುಡ್ಡದ ಒರತೆಯ ಹತ್ತಿರ
ಲಾರಿ ನಿಂತಾಗ ಅಂಗಿ ಬೆನ್ನಿಗೆ ಅಂಟಿತ್ತು.

ಬೀಗ ತೆಗೆದರೆ ಒಳಗೆ
ಎಲ್ಲ ಭಾರವೂ ಹಿಂದಿನ ಗೋಡೆಗೆ ಒರಗಿತ್ತು:
ಕೆಸರು ಟಯರು ನಾಲ್ಕು, ನೀರಿನ ಡ್ರಮ್ಮು,
ಸ್ಪ್ಯಾನರ್ ಪೆಟ್ಟಿಗೆ, ಹಂದಿ ಬೇಯಿಸುವ ಕಂಚಿನ ಪಾತ್ರೆ,
ಗೆದ್ದ ಕಪ್ಪುಗಳ ಒಂದು ಗೋಣಿ.
ಅದ್ಯಾಕೆ ತಂದಿರಿ ಅಂದೆ.
ಎದುರಾಳಿಗಳು ನೋಡಲಿ ಅಂತ, ಅಂದರು,
ನಾಚದೆ.

ಟಯರು ಉರುಳಿಸಿದೆವು ಮುಂದಕ್ಕೆ.
ನೌಫಲ್ ಡ್ರಮ್ಮಿನ ಅರ್ಧ ನೀರು ಕಾಡಿಗೆ ಚೆಲ್ಲಿದ.
ಗೋಣಿಯನ್ನು ಅವರೇ ಎತ್ತಿದರು, ಗಲಗಲ ಸದ್ದಿಗೆ
ಮರದ ಮೇಲೆ ಏನೋ ಎದ್ದು ಹಾರಿತು.
ಕೊಂಡಿಯ ಮೇಲೆ ಕೈಯಿಟ್ಟು ನೋಡಿದೆ.
ಮೂಕಿಗೆ ಭಾರ ಬಂದಿತ್ತು, ಬೇಕಾದಷ್ಟು.

ಉಳಿದ ದಾರಿಗೆ ಮನೆ ತಂಟೆ ಮಾಡಲಿಲ್ಲ.
ಮೇಲೆ ಜೀಪು ಮಾತ್ರ ಹಿಂದಕ್ಕೆ ಮುಖ ಮಾಡಿ
ಬಿಟ್ಟು ಬಂದ ರಸ್ತೆಯನ್ನೇ ನೋಡುತ್ತ ಘಾಟಿ ಇಳಿಯಿತು,
ಮೊದಲ ಸಲ ಬಸ್ಸು ಹತ್ತಿದ ಕೂಸಿನ ಹಾಗೆ.

ಗಡಿಯ ಹೊಳೆಯ ಈಚೆ ನಿಂತು ಮುಖ ತೊಳೆದೆವು.
ನಾಳೆ ಇರಿಟ್ಟಿಯ ಕೆಸರುಗದ್ದೆ, ಹದಿನೆಂಟು ಜೀಪು,
ಹದಿನೇಳರಲ್ಲಿ ಮೀಸೆ.
ಗೆಲ್ತೀರಾ ಅಮ್ಮಾ, ಕೇಳಿದ ನೌಫಲ್.
ಹಿಮ್ಮುಖವಾಗಿ ಹತ್ತಿದ್ದು ಮುಖ ಮುಂದಾಗಿಯೇ ಇಳಿಯುತ್ತದೆ,
ಅಂದರು, ಗಂಬೂಟಿನ ನೀರು ಬಸಿಯುತ್ತ.
ಆದರೆ ಅಡ್ಡ ನಿಂತಿದೆಯಲ್ಲ,
ಮೊದಲು ಮನೆ ಬಿಚ್ಚಬೇಕು.