ಕ್ಯಾಸೆಟ್ಟಿನ ಮ್ಯಾಲಿನ ಹೆಸರು

ಆ ಹಾಡಿನ ಕ್ಯಾಸೆಟ್ಟಿನ ಮ್ಯಾಲೆ ನನ್ನ ಹೆಸರೈತಿ.
ಸಂಗೀತ: ಫಕ್ರುದ್ದೀನ ಡಂಬಳ.
ಅದರ ಕೆಳಗ, ಸಾಹಿತ್ಯ: ಯಲ್ಲಪ್ಪ ಬಾರಕೇರ.
ಯಲ್ಲಪ್ಪಗ ಸಹಿ ಬಿಟ್ಟು
ಬ್ಯಾರೆ ಏನೂ ಬರಿಯಾಕ ಬರತಿದ್ದಿಲ್ಲ.

ಈಗಾರ ಖರೇ ಹೇಳತೇನಿ.
ಹಾಡು ದೇವದಾನಂದು.

ದೇವದಾನ ಹಂಚಿನಮನಿ,
ಹುಬ್ಬಳ್ಳಿ ದೊಡ್ಡ ದವಾಖಾನಿಯ ವಾರ್ಡ್‌ಬಾಯ್.
ಪಾಳಿ ಮುಗಿಸಿ ಕೇಶ್ವಾಪುರದ ನಮ್ಮ ಖೋಲಿಗೆ ಬಂದರ
ಅವನಕಿಂತ ಮೊದಲು
ಫಿನಾಯಿಲ್ ವಾಸನಿ ಮೆಟ್ಟಲಾ ಏರತಿತ್ತು.
ನಾನು ಆರ್ಗನ್, ಯಲ್ಲಪ್ಪ ಗಿಟಾರು, ಅಂವ ದನಿ.
ಲಗ್ನ, ಬೀಳ್ಕೊಡುಗಿ, ನಾಮಕರಣ,
ಕರದಲ್ಲಿ ಹೋಗತಿದ್ದಿವಿ.

ಎಂಬತ್ಮೂರರ ಡಿಸೆಂಬರ್.
ರೇಲ್ವೆ ಇನ್‌ಸ್ಟಿಟ್ಯೂಟಿನಾಗ ಫೋರ್‌ಮನ್ ಸಾಹೇಬರ ನಿವೃತ್ತಿ.
ಆವತ್ತ ಮಧ್ಯಾಹ್ನ ಮಿರಜ ಗಾಡಿಗೆ
ಸುಗಂಧಾ ಹೊಂಟು ಹೋಗಿದ್ದಳು,
ಹಾನಗಲ್ಲಿನಿಂದ ನರ್ಸಿಂಗ್ ಕಲಿಯಾಕ ಬಂದಾಕಿ.
ಜಗಳಿಲ್ಲ, ಅಳುವಿಲ್ಲ.
ಮಳಿಗಾಲದಾಗ ಇಸಕೊಂಡ ಛತ್ರಿ
ಪ್ಲಾಟ್‌ಫಾರ್ಮಿನ ಮ್ಯಾಲೆ ತಿರುಗಿ ಕೊಟ್ಟಳಂತ, ಅಷ್ಟ.

ಡಿಸೆಂಬರಿನ ಚಳಿಯೊಳಗ ಛತ್ರಿ ಹಿಡಕೊಂಡು
ಸ್ಟೇಜಿಗೆ ಬಂದ ದೇವದಾನ. ಮುಂದಿನ ಸಾಲು ನಕ್ಕಿತು.
ಚೀಟಿಯೊಳಗಿನ ಹಾಡು ಹಾಡಲಿಲ್ಲ.
‘ಏನಾರ ಹಿಡೀರಿ’ ಅಂದ, ನಮ್ಮ ಕಡೆ ತಿರುಗಿ.
ಏನ ಹಿಡಿಯೂದು?
ಗಿರಮಿಟ್ಟಿನ ಚುರಮರಿ ಹೊಕ್ಕು
ನನ್ನ ಆರ್ಗನ್ನಿನ ಮ್ಯಾಲಿನ ಪಟ್ಟಿ ಎಲ್ಲಾ ಕಚ್ಚಿದ್ದುವು.
ಕೆಳಗಿನ ಮೂರು ಸ್ವರ ಒತ್ತಿದೆ, ಬೆರಳು ಎತ್ತಲಿಲ್ಲ.
ಯಲ್ಲಪ್ಪ ಅದರ ಹಿಂದ ಹಿಂದ ನಡದ.

ನೀ ಬರೂತನಕ ದೀಪ ಆರಿಸೂದಿಲ್ಲ.

ಒಂದ ಸಾಲು.
ಅದನ್ನ ಎತ್ತಿದ, ಇಳಿಸಿದ, ಮುರಿದ,
ಮುರಿದದ್ದನ್ನ ಕೈಯಾಗ ಹಿಡಕೊಂಡು ನಿಂತ.
ಹಗಲೆಲ್ಲ ಕಬ್ಬಿಣ ಬಡಿಯೂ ಮಂದಿ
ಚಪ್ಪಾಳಿ ತಟ್ಟೂದು ಮರತರು.
ಫೋರ್‌ಮನ್ ಸಾಹೇಬರ ಹೆಂಡತಿ
ಹಾರದೊಳಗಿನ ಹೂವು ಒಂದೊಂದ ಕಿತ್ತು
ಮಡಿಲಾಗ ಹಾಕೊಳ್ಳಾಕತ್ತಿದ್ದರು.

ದುರ್ಗದಬೈಲಿನ ಹಿಂದ ಒಂದು ಖೋಲಿ.
ಗೋಡಿಗೆ ಅರಳಿ ಗಾದಿ ಆನಿಸಿ
ಒಂದ ರಾತ್ರಿಯೊಳಗ ರೆಕಾರ್ಡ್ ಮಾಡಿದರು.
‘ಯಾರ ಹೆಸರು ಹಾಕಲಿ?’ ಸೇಠ ಕೇಳಿದ.
‘ಇವರಿಬ್ಬರದೂ ಹಾಕ್ರಿ.
ಆವತ್ತ ಇವರು ಸ್ವರ ಬಿಟ್ಟಿದ್ದರ ನಾ ಬೀಳತಿದ್ದೆ.’

ನಾವು ಬ್ಯಾಡ ಅನ್ನಬೇಕಿತ್ತು.
ಕಾಗುಣಿತ ಸರಿ ಐತೇನು ನೋಡಿದಿವಿ.

ಆಮ್ಯಾಲೆ ಗದಗ ಬಸ್ಸಿನಾಗ ಅದ ಹಾಡು,
ಬ್ಯಾಡಗಿಯ ಚಹಾದಂಗಡಿಯಾಗ ಅದ ಹಾಡು.
ಅದರ ರೊಕ್ಕದಾಗ ನಾ ಸ್ಲ್ಯಾಬ್ ಹಾಕಿಸಿದೆ.
ಅವಗ ಸಿಕ್ಕದ್ದು ನೂರೈವತ್ತು ರೂಪಾಯಿ, ಒಂದ ಹೊತ್ತಿನ ಊಟ.
ಅಂವ ತೀರಿದ ದಿನಾ ನಾನು ರಾಣೆಬೆನ್ನೂರಾಗ
ಆ ಹಾಡಿನ ಸಲುವಾಗಿ ಶಾಲು ಹೊಚ್ಚಿಸಿಕೊಳ್ಳಾಕತ್ತಿದ್ದೆ.

ಸುಗಂಧಾನ ಕಥಿ ಎಲ್ಲಾರೂ ಹೇಳತಾರ.
ನಾನೂ ಹೇಳೇನಿ,
ಮಂದಿ ನಗಬಾರದಂತ
ಛತ್ರಿ ಬಿಟ್ಟು ಹೇಳೇನಿ.

ಹ್ವಾದ ಶ್ರಾವಣದಾಗ ಎದಿ ಹಿಡಕೊಂತು.
ಅದ ದವಾಖಾನಿ. ಒಬ್ಬ ಹುಡುಗ
ನನ್ನ ಸ್ಟ್ರೆಚರ್ ನೂಕತಾ ಗುಣುಗುಣು ಅನ್ನಾಕತ್ತಿದ್ದ.

ನೀ ಮಲಗೂತನಕ ದೀಪ ಆರಿಸೂದಿಲ್ಲ.

‘ತಪ್ಪು ಹಾಡತಿ ತಮ್ಮಾ. ಬರೂತನಕ ಅದು.’
‘ಇಲ್ರಿ ಅಜ್ಜಾರ, ಇಲ್ಲೆ ಹಿಂಗ ಹಾಡೂದು.
ಸುಟ್ಟಗಾಯದ ವಾರ್ಡಿನಾಗ ರಾತ್ರಿ ಯಾರಿಗೂ ನಿದ್ದಿ ಹತ್ತೂದಿಲ್ಲ.
ಪಾಳಿಯವರು ಹಾಡತಾರ, ಮೊದಲಿಂದ.
ನನಗ ಶಿವಪುತ್ರ ಕಲಿಸಿದ,
ಅವಗ ಯಾರೋ ಹಳೇ ವಾರ್ಡ್‌ಬಾಯ್ ಕಲಿಸಿದ್ದನಂತ.’
‘ಹೆಸರೇನು ಅವಂದು?’
‘ಯಾರಿಗೆ ಗೊತ್ರಿ.’

ಅಂದ್ರ ಆಕಿಗಿಂತ ಮೊದಲ ಇತ್ತದು.
ಆ ಸಂಜಿ ಅಂವ ಬದಲಿಸಿದ್ದು
ಒಂದ ಶಬ್ದ.

ಲಿಫ್ಟಿನಾಗ ಹೆಸರು ಹೇಳಿದೆ.
ಬಾಗಿಲದ ಸಪ್ಪಳದಾಗ ಕೇಳಿಸಿತೋ ಇಲ್ಲೋ.
ಹುಡುಗ ನನ್ನ ಹಾಸಿಗಿಗೆ ಹಾಕಿ, ಚಾದರ ಎಳದು,
ಸ್ವಿಚ್ಚಿನ ಕಡೆ ಹ್ವಾದ.
ನಾ ಕಣ್ಣು ಮುಚ್ಚಲಿಲ್ಲ.
ಗೋಡಿ ಮ್ಯಾಲೆ ಕೈ ಇಟಗೊಂಡು
ಅಂವ ಅಲ್ಲೇ ನಿಂತ.