ಗೆದ್ದ ಬಾಕಿ

ಮಾರ್ಲರು ಎಷ್ಟು ಸಲ ಗೆದ್ದರೆಂದು ಕೇಳಲು ಬಂದ ಹುಡುಗನಿಗೆ
ಅಪ್ಪನ ಉದ್ದರಿ ಪುಸ್ತಕ ತೆಗೆದುಕೊಟ್ಟೆ.
ಕೆಂಪು ಬಟ್ಟೆಯ ರಟ್ಟು, ಬೆನ್ನಿಗೆ ಗೆದ್ದಲು ಹತ್ತಿದ್ದು.
ಬಾಕಿ ಎಂದಿರುವಲ್ಲಿ ಗೆದ್ದಿದ್ದಾರೆ ಮಗಾ,
ಚುಕ್ತಾ ಎಂದಿರುವಲ್ಲಿ ಸೋತಿದ್ದಾರೆ.
ಎಣಿಸಿಕೋ.

ಎಪ್ಪತ್ತೊಂದು. ಕರಪತ್ರ ಹತ್ತು ಸಾವಿರ, ನೀಲಿ ಶಾಯಿ,
ದೋಣಿಯ ಗುರುತು. ಮುನ್ನೂರ ನಲವತ್ತು ರೂಪಾಯಿ.
ಮಾರ್ಲರು ಡೆಲ್ಲಿಗೆ ಹೋದರು.
ಬಿಲ್ಲು ಬಂದರಿನ ಓಣಿಯಲ್ಲೇ ಉಳಿಯಿತು,
ಒಣಮೀನಿನ ಗೋಡೌನಿಗೂ ನಮ್ಮ ಪ್ರೆಸ್ಸಿಗೂ ನಡುವಿನ ಗೋಡೆಯಲ್ಲಿ
ತಂತಿಗೆ ಚುಚ್ಚಿಕೊಂಡು.
ದೇಶದ ಕೆಲಸ, ಮರೆತಿರಬೇಕು, ಅಂದರು ಅಪ್ಪ.
ಎಪ್ಪತ್ತೇಳರಲ್ಲೂ ಮರೆತರು.
ಎಂಬತ್ತರಲ್ಲಿ ಮಂತ್ರಿಯಾದರು, ಇನ್ನೂ ಚೆನ್ನಾಗಿ ಮರೆತರು.

ಎಂಬತ್ತನಾಲ್ಕರಲ್ಲಿ ಎಣಿಕೆ ಮುಗಿದದ್ದು ರಾತ್ರಿ ಎರಡಕ್ಕೆ.
ಬೆಳಿಗ್ಗೆ ನಾನು ಬಾಗಿಲ ಹಲಗೆ ಒಂದೊಂದೇ ತೆಗೆಯುವಾಗ
ಮೆಟ್ಟಿಲ ಮೇಲೆ ಕೂತಿದ್ದರು, ಒಬ್ಬರೇ,
ಮಡಿಲಲ್ಲಿ ಕೈಚೀಲ.
ಬಿಲ್ಲೆಷ್ಟಾಯಿತು ಸೆವ್ರಿನ್ ಬಾಯಿ?
ಆ ವರ್ಷದ್ದು ಮಾತ್ರ ಕೊಟ್ಟರು, ಪೈಸೆಗೆ ಪೈಸೆ.
ಹಳೆಯದನ್ನು ಅಪ್ಪ ಕೆಮ್ಮಿ ನೆನಪಿಸಿದರೆ
ಅವರೂ ಕೆಮ್ಮಿದರು.

ಅವರ ಹೆಸರು ನನಗೆ ಗೊತ್ತಿರುವುದು ಹಿಂದುಮುಂದಾಗಿ.
ಮೊಳೆ ಜೋಡಿಸುವವರಿಗೆ ಎಲ್ಲರೂ ಹಾಗೆಯೇ,
ಮದುಮಗ, ಸತ್ತವರು, ಸಂಸದರು,
ಬೆರಳ ತುದಿಗೆ ತಣ್ಣನೆಯ ಸೀಸ.
ದೋಣಿ ಹೋಗಿ ಏಣಿಯಾಯಿತು, ಏಣಿ ಹೋಗಿ ಕೊಡೆ,
ಗುರುತಿನ ಬ್ಲಾಕು ಬದಲಾದರೂ
ಸಂಕಪ್ಪ ಮಾರ್ಲ ಎಂಬಷ್ಟನ್ನು ನಾನು ಬಿಚ್ಚಲಿಲ್ಲ.
ಆರು ಚುನಾವಣೆ ಅದೇ ಮೊಳೆ,
ದಾರ ಸುತ್ತಿ ಕಿಟಕಿಯ ಗೂಡಿನಲ್ಲಿಟ್ಟಿದ್ದೆ,
ಮನೆಯ ಬೀಗದ ಕೈಯಂತೆ.

ತೊಂಬತ್ತಾರರಲ್ಲಿ ಅರ್ಕಾವೊತ್ತು ಮುರಿಯಿತು.
ಹಂಪನಕಟ್ಟೆಯಿಂದ ಕಂಕನಾಡಿಯವರೆಗೆ ಅಂಟಿಸಿದ ಮೇಲೆ ನೋಡಿದರೆ
ಸಂಕಪ್ಪ ಮಾಲ.
ನನಗೆ ಕೈಕಾಲು ಬಿದ್ದುಹೋಯಿತು.
ಅವರು ಬಂದು ಪೋಸ್ಟರನ್ನು ಕೈಯಳತೆ ದೂರ ಹಿಡಿದು ನಕ್ಕರು.
ಸರಿಯೇ ಉಂಟಲ್ಲ ಮಾರಾಯ್ತಿ, ನಾನೂ ಈಗ ಹಳೇ ಮಾಲೇ.
ಎರಡು ಸಾವಿರದ ಹದಿನಾರು ಮತಕ್ಕೆ ಸೋತರು.
ಒಂದು ಸೊನ್ನೆಯಷ್ಟು ದೊಡ್ಡ ಅಕ್ಷರಕ್ಕೆ ಸೋತರೆಂದು
ಪಕ್ಷದ ಹುಡುಗರು ನಮ್ಮ ಗಾಜಿಗೆ ಕಲ್ಲು ಹೊಡೆದರು.
ಮರುದಿನ ಗಾಜಿನ ಲೆಕ್ಕವನ್ನೂ ಸೇರಿಸಿ ಕೊಟ್ಟರು ಮಾರ್ಲರು.

ತೊಂಬತ್ತೆಂಟು ಬಾಕಿ.
ಆಮೇಲೆ ಎರಡು ಸಲ ಟಿಕೇಟು ಸಿಗಲಿಲ್ಲ, ಪುಟ ಖಾಲಿ.

ಕಡೆಯ ಸಲ ಪಕ್ಷವಿಲ್ಲದೆ ನಿಂತರು. ಗುರುತು ಗ್ಯಾಸ್ ಸಿಲಿಂಡರು.
ಊರೆಲ್ಲ ಫ್ಲೆಕ್ಸು, ಆಳೆತ್ತರದ ಮುಖಗಳು.
ನಮ್ಮಲ್ಲಿ ಆಗ ಮದುವೆ ಕಾಗದ, ನೊವೆನಾದ ಹಾಳೆ, ಅಷ್ಟೆ.
ಐನೂರು ಕರಪತ್ರ ಸಾಕು ಬಾಯಿ, ಮೊಳೆಯಲ್ಲೇ ಮಾಡಿ,
ಅರ್ಕಾವೊತ್ತು ನೋಡಿಕೊಳ್ಳಿ.

ಮತದಾನವಾಗಿ ಎರಡು ವಾರ. ಮೇ ತಿಂಗಳ ಬೆವರು.
ಸಂಜೆ ರಿಕ್ಷಾದಿಂದ ಇಳಿದು ಒಳಗೆ ಬಂದರು,
ಸ್ಟೂಲಿನ ಮೇಲೆ ಕೂತು ಕೈಚೀಲ ಬಿಚ್ಚಿದರು.
ಎಣಿಕೆ ನಾಳೆ ಅಲ್ವಾ, ಎಂದೆ.
ನಾಳೆಯೇ, ಎಂದರು. ಬಿಲ್ಲು ತನ್ನಿ.

ನಾನು ಪುಸ್ತಕ ತೆರೆದಾಗ ಹಳೆಯ ಪುಟಗಳೂ ತೆರೆದುಕೊಂಡವು.
ಆರು ಬಾಕಿ, ಅಪ್ಪನ ದುಂಡಕ್ಷರ.
ಅವರು ಕನ್ನಡಕ ಏರಿಸಿ ಒಂದೊಂದೇ ಓದಿದರು,
ದೋಣಿ, ದೋಣಿ, ಏಣಿ,
ಬೆರಳಿಟ್ಟು, ಮಗ್ಗಿ ಹೇಳುವ ಮಕ್ಕಳ ಹಾಗೆ.
ಇದು? ಎಂದು ಕೇಳುವಷ್ಟು ಧೈರ್ಯ ನನಗೆ ಆಗ ಬಂದಿತ್ತು.
ಅದು ಗೆದ್ದ ಬಾಕಿಯಲ್ವಾ ಬಾಯಿ,
ಅದು ಅಲ್ಲೇ ಇರಲಿ.

ನಾನೂರ ತೊಂಬತ್ತೇಳಕ್ಕೆ ಐನೂರರ ನೋಟು ಕೊಟ್ಟರು.
ನನ್ನಲ್ಲಿ ಚಿಲ್ಲರೆ ಇರಲಿಲ್ಲ.
ಆಮೇಲೆ ಕೊಟ್ಟರಾಯಿತು, ಎಂದು ರಿಕ್ಷಾ ಹತ್ತಿದರು.
ಮರುದಿನ ಠೇವಣಿಯೂ ಹೋಯಿತು.
ನಾನು ಹಲಗೆ ತೆಗೆದಾಗ ಮೆಟ್ಟಿಲಲ್ಲಿ ಬೆಕ್ಕು ಮಲಗಿತ್ತು.

ಗೆಲುವು ಆರು, ಸೋಲು ಮೂರು, ಬರೆದುಕೊಂಡ ಹುಡುಗ.
ಕೊನೆಯ ಸಾಲು ನನ್ನ ಅಕ್ಷರ, ಚುಕ್ತಾ.
ಅದರ ಕೆಳಗೆ, ಸಣ್ಣದಾಗಿ, ಪೆನ್ಸಿಲಿನಲ್ಲಿ,
ಮಾರ್ಲರಿಗೆ ನಾವು ಕೊಡತಕ್ಕದ್ದು ೩-೦೦.
ಅದನ್ನು ಅವನು ಬರೆದುಕೊಳ್ಳಲಿಲ್ಲ.