ಎರಡು ನಿಮಿಷದ ಬಸ್‌ಸ್ಟ್ಯಾಂಡು

ಇನಾಸಣ್ಣನ ಗಾಜುಗಳಿದ್ದದ್ದು ಬಿಸ್ಕತ್ತಿನ ಡಬ್ಬದಲ್ಲಿ,
ಹಳೆ ಬನಿಯನ್ನಿನ ಚೂರಲ್ಲಿ ಸುತ್ತಿ, ಒಂದೊಂದಕ್ಕೂ ಒಂದು ಗಂಟು.
ನೀಲಿಯದು ಮದುವೆಮನೆಗೆ.
ಛತ್ರದ ಬಲ್ಬಿನ ಕೆಳಗೆ ಫಿಲಮ್ಮಿಗೆ ಕಾಮಾಲೆ:
ಬಿಳಿ ಪಂಚೆ, ಅನ್ನ, ಪುರೋಹಿತರ ಹಲ್ಲು, ಎಲ್ಲ ಹಳದಿ.
ನೀಲಿ ತಿರುಪಿದರೆ ಅನ್ನ ಮತ್ತೆ ಅನ್ನ.
"ಪುಕ್ಕಟೆ ಅಲ್ಲ ಕಣಮ್ಮ, ಎರಡು ಸ್ಟಾಪು ಬೆಳಕು ಸುಂಕ ಕಟ್ಟಬೇಕು,"
ಅನ್ನುತ್ತಿದ್ದ. ಸುಂಕದ ಲೆಕ್ಕ ಬರೆದುಕೊಳ್ಳುವವಳು ನಾನು.

ಒಮ್ಮೆ ದಿಬ್ಬಣ ಬಿಸಿಲಿಗೆ ಬಂದಾಗ ತೆಗೆಯಲು ಮರೆತೆ.
ಮೂವತ್ತಾರು ಚಿತ್ರ. ಆಲೂರಿನ ಆ ಮದುಮಗ
ಪೇಟದಿಂದ ಹಿಮ್ಮಡಿಯವರೆಗೆ ನೀಲಿ.
ಇನಾಸಣ್ಣ ಮೂರು ದಿನ ಮಾತಾಡಲಿಲ್ಲ.
ಹುಡುಗನ ಅಜ್ಜಿ ಮಾತ್ರ ಎರಡು ಪ್ರತಿ ಕೇಳಿದಳು:
"ಕೃಷ್ಣನಂಗೆ ಬಂದವ್ನೆ, ಇರ್ಲಿ."

ಕರಿಯದು ಬೇರೆ. ಬಣ್ಣದ ತಂಟೆಗೇ ಹೋಗುವುದಿಲ್ಲ.
ಸಾವಿರ ಪಾಲು ಬೆಳಕಲ್ಲಿ ಒಂದು ಪಾಲು ಒಳಗೆ ಬಿಡುವ
ಜಿಪುಣ ಬಾಗಿಲು.

ಸಾರಿಗೆ ಆಫೀಸಿನವರೊಬ್ಬರು ಬಂದು, ಕ್ಯಾಲೆಂಡರಿಗೆ
ಹಾಸನದ ಬಸ್‌ಸ್ಟ್ಯಾಂಡು ಬೇಕು ಅಂದರು. ಜನ ಬೇಡ.
"ಇವತ್ತು ಮಂಗಳವಾರ, ಸಂತೆ ಸಾರ್," ಅಂದೆ.
ಇನಾಸಣ್ಣ ಕಣ್ಣು ಹೊಡೆದ.

ಎದುರಿನ ಲಾಡ್ಜಿನ ತಾರಸಿ, ನಡುಮಧ್ಯಾಹ್ನ.
ಮೊದಲು ಚೌಕಟ್ಟು, ಆಮೇಲೆ ಗಾಜು;
ಹಾಕಿದ ಮೇಲೆ ಕಿಂಡಿಯಲ್ಲಿ ಅಮಾವಾಸ್ಯೆ.
ಕೇಬಲ್ ಒತ್ತಿ ಎಣಿಸು ಅಂದ. ಅರವತ್ತಕ್ಕೆ ಬಿಡಹೋದೆ.
"ತಡಿ, ಫಿಲಮ್ಮಿಗೂ ಸುಸ್ತಾಗುತ್ತೆ, ಇನ್ನೊಂದರವತ್ತು ಕೊಡು."
ಕೆಳಗೆ ಅರಕಲಗೂಡಿನ ಬಸ್ಸು ಬಂತು, ಹೋಯಿತು,
ಕೊತ್ತಂಬರಿ ಮೂಟೆ, ಕಾಲೇಜು ಹುಡುಗರು, ಕಂಡಕ್ಟರನ ಬೈಗುಳ,
ಕೋಳಿಯನ್ನು ತಲೆಕೆಳಗು ಹಿಡಿದು ಓಡಿದ ಒಬ್ಬಳು.
ನೂರ ಹದಿನೆಂಟು. ನೂರ ಹತ್ತೊಂಬತ್ತು.

ತೊಟ್ಟಿಯಲ್ಲಿ ಪ್ರಿಂಟು ಮೂಡಿತು. ಕಟ್ಟಡ. ನೆಲ.
ಸಂತೆಗೆ ಸಂತೆಯೇ ಇಲ್ಲ.
ಮೂಲೆಯಲ್ಲಿ ಒಂದು ಛತ್ರಿ, ಅದರ ಕೆಳಗೆ
ಚಪ್ಪಲಿ ಹೊಲಿಯುವ ಕಾಡಯ್ಯ.
ಬಗ್ಗಿದ ಮುಖ ಚೊಕ್ಕ ಬಂದಿದೆ, ಮೊಣಕಾಲಿನ ತೇಪೆಯೂ.
ಮೊಣಕೈಯಿಂದಾಚೆ ಎರಡು ಹೊಗೆ.

ಆಫೀಸಿನವರು ಬೆರಳಿಟ್ಟು, "ಇವನೊಬ್ಬನ್ನ ಕೆರೆದುಬಿಡಿ," ಅಂದರು.
ಇನಾಸಣ್ಣ ಬ್ಲೇಡು ತೆಗೆದ, ದೀಪದ ಮುಂದೆ ನೆಗೆಟಿವ್ ಹಿಡಿದ,
ಬಹಳ ಹೊತ್ತು ಹಾಗೇ ಕೂತ.
ಕೊನೆಗೆ ಅದೇ ಬ್ಲೇಡಿನಲ್ಲಿ ಉಗುರು ತೆಗೆದುಕೊಳ್ಳುತ್ತ
"ಮುಂಗಡ ವಾಪಸ್ ಕೊಟ್ಟುಬಿಡಮ್ಮ," ಅಂದ.

ಕಾಡಯ್ಯನಿಗೆ ಒಂದು ಪ್ರತಿ ಒಯ್ದು ಕೊಟ್ಟೆ.
ಬಿಸಿಲಿಗೆ ಹಿಡಿದ, ತಿರುಗಿಸಿ ಬೆನ್ನೂ ನೋಡಿದ.
ಜನ ಎಲ್ಲಿ ಅಂತ ಕೇಳಲಿಲ್ಲ.
"ಕೈ ಎಲ್ಲೋದ್ವು ಮಗಾ?"
ಕೆಲಸ ಮಾಡ್ತಿದ್ವಲ್ಲ, ಅದಕ್ಕೇ ಬಂದಿಲ್ಲ
ಅನ್ನಲು ನನಗೆ ಬಾಯಿ ಬರಲಿಲ್ಲ.
ಎಡಗಾಲಿನ ಉಂಗುಟ ಕಿತ್ತಿತ್ತು, ಬಿಚ್ಚಿ ಕೊಟ್ಟೆ.
ಅವನು ಹೊಲಿದ.
ಬಿಸಿ ನೆಲದ ಮೇಲೆ ಒಂಟಿಕಾಲಲ್ಲಿ ನಿಂತೆ,
ಅಲುಗಾಡದೆ.